ಕೆಂಪನ ಕೊಕ್ಕು ನೆಟ್ಟಗಿತ್ತು

ಕೋಳಿ ಮರಿ ಹುಟ್ಟಿದ ದಿನ ಏನೂ ಗೊತ್ತಾಗುವುದಿಲ್ಲ. ಗುಂಡು ಕಣ್ಣು, ಪುಟ್ಟ ಕೊಕ್ಕು, ಎಲ್ಲ ಮರಿಗಳ ಹಾಗೆಯೇ ಇರುತ್ತದೆ. ಎರಡನೇ ವಾರದ ಹೊತ್ತಿಗೆ ಮೇಲಿನ ಕೊಕ್ಕು ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದ ಹಾಗೆ ಕಾಣುತ್ತದೆ. ನಮಗೇ ಹಾಗೆ ಕಾಣುತ್ತಿದೆಯೇನೋ ಅಂದುಕೊಂಡು ಸುಮ್ನಾಗುತ್ತೇವೆ. ತಿಂಗಳು ತುಂಬುವಷ್ಟರಲ್ಲಿ ಮೇಲಿನದು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ. ನೆಲಕ್ಕೆ ಚೆಲ್ಲಿದ ರಾಗಿ ಕಾಳನ್ನು ಅದು ಕುಕ್ಕುತ್ತದೆ, ಕುಕ್ಕುತ್ತಲೇ ಇರುತ್ತದೆ, ಬಾಯಿಗೆ ಒಂದು ಕಾಳೂ ಹೋಗುವುದಿಲ್ಲ. ಪಕ್ಕದಲ್ಲಿ ಒಡಹುಟ್ಟಿದ ಮರಿಗಳು ಹೊಟ್ಟೆ ತುಂಬಿಸಿಕೊಂಡು ಮಣ್ಣಲ್ಲಿ ಹೊರಳುತ್ತಿರುತ್ತವೆ. ನೋಡುವುದಕ್ಕೆ ಸಂಕಟವಾಗುತ್ತದೆ.

2019ರ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಒಂದೇ ಕಾವಿನಲ್ಲಿ ಅಂಥ ಮೂರು ಮರಿ ಬಂದವು.

ನಮ್ಮದು ಕೋಲಾರ ಜಿಲ್ಲೆ, ಮುಳಬಾಗಿಲು ಕಡೆ. ಆಂಧ್ರದ ಗಡಿ ಹತ್ತಿರ. ಈ ಭಾಗದ ನಾಟಿ ಕೋಳಿಗೆ ಒಂದು ಹೆಸರಿದೆ, ಘಾಗಸ್. ಚಿತ್ತೂರು, ಅನಂತಪುರ, ಕೋಲಾರ, ಇವೇ ಅದರ ತವರು. ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಇದನ್ನು ದೇಶದ ತಳಿಗಳ ಪಟ್ಟಿಯಲ್ಲಿ ಸೇರಿಸಿದೆ. ಹೈದರಾಬಾದಿನ ಕುಕ್ಕುಟ ಸಂಶೋಧನಾ ಸಂಸ್ಥೆಯಲ್ಲೂ ಇದನ್ನು ಸಾಕುತ್ತಾರೆ. ನಮ್ಮ ಅತ್ತೆಗೆ ಆ ಹೆಸರು ಗೊತ್ತಿರಲಿಲ್ಲ. ಅವರಿಗೆ ಅದು ಬರೀ 'ನಮ್ಮ ಕೋಳಿ'. ಅವರ ಅತ್ತೆಯ ಕಾಲದಿಂದ ಅದೇ ಹಿತ್ತಲು, ಅದೇ ಮಂಕರಿ, ಅದೇ ಸಂತಾನ. ನಾನು ಸೊಸೆಯಾಗಿ ಬಂದಾಗ ಹಿತ್ತಲಿನಲ್ಲಿ ಮೂವತ್ತಕ್ಕೂ ಜಾಸ್ತಿ ಕೋಳಿ ಇದ್ದವು.

2015ರ ಬೇಸಿಗೆಯಲ್ಲಿ ಕೊಕ್ಕರೆ ರೋಗ (ರಾಣಿಖೇತ್) ಬಂತು. ನಾವು ಲಸಿಕೆ ಹಾಕಿಸಿರಲಿಲ್ಲ. ಒಂದು ವಾರದಲ್ಲಿ ಹಿತ್ತಲು ಖಾಲಿ. ಉಳಿದದ್ದು ಒಂದು ಹುಂಜ, ಮೂರು ಹೇಂಟೆ. ಆ ಹುಂಜವೇ ಕೆಂಪ. ಬೆಂಕಿ ಬಣ್ಣದ ಕುತ್ತಿಗೆ, ನೀಲಿಗಪ್ಪು ಬಾಲ, ಎರಡೂಕಾಲು ಕೆಜಿ ತೂಕ, ಬಾಣದ ಹಾಗೆ ನೆಟ್ಟಗಿದ್ದ ಕೊಕ್ಕು. ಹದ್ದಿನ ನೆರಳು ಬಿದ್ದರೆ ಅದು ಕೂಗುವ ಕೂಗಿಗೆ ಇಡೀ ಬೀದಿಯ ಕೋಳಿಗಳು ಪೊದೆಗೆ ನುಗ್ಗುತ್ತಿದ್ದವು. ರೋಗವನ್ನೇ ಗೆದ್ದು ನಿಂತ ಹುಂಜ ಅಂತ ಅತ್ತೆಗೆ ಅದರ ಮೇಲೆ ಪ್ರಾಣ. ನಾಲ್ಕು ವರ್ಷ ಅದೊಂದನ್ನೇ ಇಟ್ಟುಕೊಂಡೆವು. ಬೇರೆ ಗಂಡು ಮರಿಗಳೆಲ್ಲ ಸಂತೆಗೆ ಹೋದವು, ಇಲ್ಲವೇ ಹಬ್ಬಕ್ಕೆ ಸಾರಾದವು.

ಎಡವಿದ್ದು ಅಲ್ಲೇ. ಆಗ ಅದು ಸ್ವಲ್ಪವೂ ಹೊಳೆಯಲಿಲ್ಲ. ಕೆಂಪನ ಮಕ್ಕಳಲ್ಲಿ ಅರ್ಧ ರಕ್ತ ಕೆಂಪನದು. ಆ ಹೆಣ್ಣು ಮಕ್ಕಳನ್ನು ಮತ್ತೆ ಕೆಂಪನೇ ಕೂಡಿದಾಗ ಹುಟ್ಟಿದ ಮರಿಗಳಲ್ಲಿ ಮುಕ್ಕಾಲು ಪಾಲು. ಅವುಗಳನ್ನೂ ಅದೇ ಕೂಡಿದರೆ ಎಂಟರಲ್ಲಿ ಏಳು ಪಾಲು. ನಾಲ್ಕು ವರ್ಷದಲ್ಲಿ ನಮ್ಮ ಹಿತ್ತಲೆಂದರೆ ಒಂದೇ ಕೋಳಿಯ ನಲವತ್ತು ನಕಲಿನ ಹಾಗೆ ಆಗಿತ್ತು.

ಕೊಕ್ಕು ಸೊಟ್ಟಗಾಗುವ ಮೊದಲೇ ಸೂಚನೆ ಸಿಕ್ಕಿತ್ತು. ಮೊದಲು ಹನ್ನೆರಡು ಮೊಟ್ಟೆ ಕಾವಿಗೆ ಇಟ್ಟರೆ ಹತ್ತು ಮರಿ ಖಂಡಿತ. ಅದು ಎಂಟಕ್ಕೆ ಬಂತು, ಆಮೇಲೆ ಆರು. ಇಪ್ಪತ್ತೊಂದು ದಿನ ಕಳೆದ ಮೇಲೆ ಉಳಿದ ಮೊಟ್ಟೆ ಒಡೆದು ನೋಡಿದರೆ ಒಳಗೆ ಪೂರ್ತಿ ಬೆಳೆದ ಮರಿ ಸತ್ತಿರುತ್ತಿತ್ತು. ಗುಡುಗಿಗೆ ಹಾಗಾಯಿತು ಅಂತ ಅತ್ತೆ, ಕಾವಿನ ಕೋಳಿ ಸರಿ ಇಲ್ಲ ಅಂತ ನಾನು. ಹುಂಜದ ಕಡೆ ನಾವಿಬ್ಬರೂ ನೋಡಲೇ ಇಲ್ಲ.

ಆ ಮೂರು ಸೊಟ್ಟ ಮರಿಗಳಲ್ಲಿ ಎರಡು ಹೋದವು. ಮೂರನೆಯದನ್ನು ನನ್ನ ಮಗಳು ಬಿಡಲಿಲ್ಲ. ಆಗ ಅವಳಿಗೆ ಒಂಬತ್ತು ವರ್ಷ. ರಾಗಿ ಹಿಟ್ಟು, ತೌಡು, ಕಡಲೆಕಾಯಿ ಹಿಂಡಿ ನೆನೆಸಿ ಆಳವಾದ ಬಟ್ಟಲಿಗೆ ಹಾಕಿ ಇಡುತ್ತಿದ್ದಳು. ಆಳವಿದ್ದರೆ ಕೊಕ್ಕಿನಿಂದ ಹಿಡಿಯಬೇಕಿಲ್ಲ, ಮೂತಿ ಮುಳುಗಿಸಿ ತಿನ್ನಬಹುದು. ಉದ್ದ ಬೆಳೆದ ಕೊಕ್ಕಿನ ತುದಿಯನ್ನು ಹದಿನೈದು ದಿನಕ್ಕೊಮ್ಮೆ ಉಗುರು ಕತ್ತರಿಸುವ ನೇಲ್ ಕಟರಿನಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಿದ್ದೆವು. ಅದಕ್ಕೆ ಅವಳು ಇಟ್ಟ ಹೆಸರು ಗಿಣಿ. ಗಿಣಿ ಬದುಕಿತು. ಮುಂದೆ ನಮ್ಮ ಹಿತ್ತಲನ್ನು ಉಳಿಸಿದ್ದೂ ಅದೇ.

ಅದೇ ಸಮಯಕ್ಕೆ ಇನ್ನು ಕೆಲವು ಮರಿಗಳ ಬೆರಳು ಒಳಕ್ಕೆ ಮಡಚಿಕೊಳ್ಳುತ್ತಿದ್ದವು. ನಾನು ಹೆದರಿ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿದೆ. ಪಶುವೈದ್ಯರು ಬಂದು ನೋಡಿ ಎರಡನ್ನೂ ಬೇರೆ ಮಾಡಿದರು. "ಬೆರಳಿನದು ಬಿ2 ವಿಟಮಿನ್ ಕಡಿಮೆಯಾಗಿ ಬಂದಿರಬಹುದು ಮೇಡಂ, ಮೊದಲು ಔಷಧಿ ಕೊಟ್ಟು ನೋಡಿ. ಬುಟ್ಟಿಗೆ ಪೇಪರ್ ಹಾಸಬೇಡಿ, ಮರಿ ಕಾಲು ಜಾರುತ್ತೆ, ಗೋಣಿಚೀಲ ಹಾಸಿ." ಹಾಗೇ ಮಾಡಿದೆವು. ಬೇಗ ಗಮನಿಸಿದ ಮರಿಗಳ ಬೆರಳು ಸರಿಹೋಯಿತು. ಮುಂದಿನ ಕಾವಿನಲ್ಲಿ ಆ ತೊಂದರೆ ಬರಲೇ ಇಲ್ಲ. ಕೊಕ್ಕು ಮಾತ್ರ ಮತ್ತೆ ಬಂತು. ಏನೇ ಕೆಟ್ಟರೂ ರಕ್ತದ ಮೇಲೆ ಹಾಕಬಾರದು ಅಂತ ಅವತ್ತು ತಿಳಿಯಿತು. ಮೇವು, ನೆಲ, ಕಾವಿನ ಬಿಸಿ, ಇವನ್ನೆಲ್ಲ ಸರಿ ಮಾಡಿದ ಮೇಲೂ ಅದೇ ದೋಷ ಅದೇ ಸಂತಾನದಲ್ಲಿ ಬರುತ್ತಿದ್ದರೆ ಆಗ ಅಪ್ಪ ಅಮ್ಮನ ಕಡೆ ನೋಡಬೇಕು.

"ಹೊಸ ರಕ್ತ ತನ್ನಿ" ಅಂತ ಎಲ್ಲರೂ ಹೇಳಿದರು. 2020ರಲ್ಲಿ ಒಂದು ಗಿರಿರಾಜ ಹುಂಜ ತಂದೆ. ಗಿರಿರಾಜ ನಮ್ಮ ಬೆಂಗಳೂರಿನದೇ. ಹೆಬ್ಬಾಳದಲ್ಲಿ 1980ರ ದಶಕದ ಕೊನೆಯಲ್ಲಿ ಹಿತ್ತಲಲ್ಲಿ ಸಾಕುವವರಿಗಾಗಿಯೇ ಮಾಡಿದ ಕೋಳಿ. ಬೇಗ ತೂಕ ಬರುತ್ತದೆ, ಮೊಟ್ಟೆಯೂ ನಾಟಿಗಿಂತ ಜಾಸ್ತಿ. ಎಷ್ಟೋ ಮನೆಗಳಿಗೆ ಅದರಿಂದ ಒಳ್ಳೆಯದಾಗಿದೆ.

ಮೊದಲ ವರ್ಷ ನನಗೆ ಹಬ್ಬ. ಹನ್ನೆರಡಕ್ಕೆ ಹನ್ನೊಂದು ಮರಿ. ನಲವತ್ತು ಮರಿಗಳಲ್ಲಿ ಒಂದು ಸೊಟ್ಟ ಕೊಕ್ಕೂ ಇಲ್ಲ. ಗಟ್ಟಿಮುಟ್ಟಾದ ಮರಿಗಳು, ಸರಸರ ಬೆಳೆದವು. ಪೀಡೆ ತೊಲಗಿತು ಅಂತ ನಾಲ್ಕು ಜನಕ್ಕೆ ಹೇಳಿಕೊಂಡೆ. ಸಂತೆಗೆ ಬಂದವರಿಗೆ ಆ ಮರಿಗಳನ್ನು ಕೊಟ್ಟೆ ಕೂಡ.

2021ರಲ್ಲಿ ಆ ಬೆರಕೆ ಮರಿಗಳು ದೊಡ್ಡವಾಗಿ ತಮ್ಮತಮ್ಮಲ್ಲೇ ಕೂಡಿದವು. 26 ಮರಿ ಎದ್ದವು. ಮೂರನೇ ವಾರದಲ್ಲಿ ಮಗಳು ಒಂದು ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಬಂದಳು. "ಅಮ್ಮಾ, ಇನ್ನೊಂದು ಗಿಣಿ." ನಾಲ್ಕು ದಿನಕ್ಕೆ ಮತ್ತೊಂದು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಹೊಸ ರಕ್ತ ಬಂದರೆ ದೋಷ ತೊಳೆದುಹೋಗುತ್ತದೆ ಅಂದುಕೊಂಡಿದ್ದೆ. ಅದು ತೊಳೆದುಹೋಗಿರಲಿಲ್ಲ, ಬೂದಿಯೊಳಗಿನ ಕೆಂಡದ ಹಾಗೆ ಕೂತಿತ್ತು ಅಷ್ಟೇ. ಪ್ರತಿ ಕೋಳಿಯೂ ಒಂದೊಂದು ಗುಣಕ್ಕೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬೀಜ, ಅಂದರೆ ಜೀನ್, ಪಡೆಯುತ್ತದೆ. ಸೊಟ್ಟ ಕೊಕ್ಕಿನ ಬೀಜ ಎರಡೂ ಕಡೆಯಿಂದ ಬಂದರೆ ಮಾತ್ರ ಕೊಕ್ಕು ಸೊಟ್ಟಗಾಗುತ್ತದೆ. ಒಂದೇ ಕಡೆಯಿಂದ ಬಂದರೆ ಕೋಳಿ ನೋಡಲು ಚೆನ್ನಾಗಿಯೇ ಇರುತ್ತದೆ, ಮರಿಗೆ ಮಾತ್ರ ಆ ಬೀಜವನ್ನು ದಾಟಿಸುತ್ತದೆ. ಕೆಂಪನ ಕೊಕ್ಕು ನೆಟ್ಟಗಿತ್ತು. ಆ ಬೀಜವನ್ನು ಹೊತ್ತಿದ್ದದ್ದೂ ಕೆಂಪನೇ. ಸೊಟ್ಟ ಕೊಕ್ಕು ಎಲ್ಲ ಕಡೆ ಇಷ್ಟು ಸರಳ ಲೆಕ್ಕದಲ್ಲಿ ನಡೆಯುವುದಿಲ್ಲ, ಕೆಲವೊಮ್ಮೆ ಹಲವು ಕಾರಣ ಸೇರಿಕೊಂಡಿರುತ್ತವೆ ಅಂತ ವೈದ್ಯರು ಎಚ್ಚರಿಸಿದ್ದರು. ನಮ್ಮ ಹಿತ್ತಲಿನ ಎಣಿಕೆ ಮಾತ್ರ ಈ ಲೆಕ್ಕಕ್ಕೇ ಕೂಡಿ ಬರುತ್ತಿತ್ತು.

ಇನ್ನೊಂದು ನಷ್ಟವೂ ಆಗಿತ್ತು. ಬೆರಕೆ ಹೇಂಟೆಗಳಲ್ಲಿ ಅರ್ಧಕ್ಕರ್ಧ ಕಾವಿಗೆ ಕೂರಲೇ ಇಲ್ಲ. ಕೂತವು ಹತ್ತು ದಿನಕ್ಕೆ ಎದ್ದು ಹೋದವು. ಮೈ ಭಾರವಾಗಿ ರಾತ್ರಿ ಹೊಂಗೆ ಮರ ಹತ್ತಲಾಗದೆ ನೆಲದಲ್ಲೇ ಮಲಗಿದವು. ಮುಂಗುಸಿ, ಕಾಡುಬೆಕ್ಕು ಒಂದೊಂದಾಗಿ ಎಳೆದುಕೊಂಡು ಹೋದವು. ಗಿರಿರಾಜದ ತಪ್ಪಲ್ಲ ಇದು. ಅದನ್ನು ಮಾಡಿದ ಉದ್ದೇಶವೇ ಬೇರೆ. ಕಾವು ಕೂರುವುದು, ಮರ ಹತ್ತುವುದು, ಹದ್ದಿನ ನೆರಳಿಗೆ ಬೆಚ್ಚುವುದು, ಇವೆಲ್ಲ ನಮ್ಮ ಕೋಳಿಗೆ ಎಷ್ಟೋ ತಲೆಮಾರಿನಿಂದ ಬಂದ ಗಳಿಕೆ. ಒಂದು ದೋಷ ಕಳೆಯಲು ಹೋಗಿ ನಾನು ಆ ಗಳಿಕೆಯನ್ನೇ ಕೈಬಿಡುತ್ತಿದ್ದೆ.

ಬೆರಕೆ ಕೋಳಿಗಳನ್ನೆಲ್ಲ ಮಾರಿದೆ. ಮರಿಗೆ ಅಂತ ಯಾರಿಗೂ ಕೊಡಲಿಲ್ಲ, ಸಾರಿಗೆ ಮಾತ್ರ. ಅತ್ತೆ ಒಂದು ಮಾತೂ ಆಡಲಿಲ್ಲ. ಹಳೆಯ ಸಂತಾನದ ಏಳು ಹೇಂಟೆ, ಕೆಂಪನ ಒಬ್ಬ ಮೊಮ್ಮಗ, ಮತ್ತೆ ಗಿಣಿ, ಇಷ್ಟು ಉಳಿದವು.

ಗಡಿಯಾಚೆ, ಪಲಮನೇರು ಕಡೆಯ ಹಳ್ಳಿಯೊಂದರಲ್ಲಿ ಒಬ್ಬ ತಾತ ಇದ್ದಾರೆ. ಎಪ್ಪತ್ತು ದಾಟಿದೆ. ಅವರ ಹಿತ್ತಲಲ್ಲೂ ನಮ್ಮ ಕೋಳಿಯದೇ ಮೈಕಟ್ಟು, ಗಂಟಲ ಹತ್ತಿರ ಅದೇ ಜೋಲು ಚರ್ಮ. ನಮ್ಮ ಹಿತ್ತಲಿಗೂ ಅವರದಕ್ಕೂ ಕೊಡುಕೊಳ್ಳುವಿಕೆ ನಡೆದದ್ದು ಯಾರ ನೆನಪಿನಲ್ಲೂ ಇಲ್ಲ. ತಳಿ ಒಂದೇ, ಸಂಬಂಧ ದೂರ. ನನಗೆ ಬೇಕಾಗಿದ್ದದ್ದು ಅದೇ. ಹುಂಜ ಕೇಳಲು ಹೋದಾಗ ತಾತ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಗಿಡ್ಡ ಕಾಲಿನ ಒಂದು ಹೇಂಟೆ ತೋರಿಸಿದರು. ಹೊಟ್ಟೆ ನೆಲಕ್ಕೆ ತಾಗುವ ಹಾಗೆ ನಡೆಯುತ್ತಿತ್ತು.

"ಇದು ಗಿಡ ಕೆದರಲ್ಲಮ್ಮಾ, ಅದಕ್ಕೆ ಎಲ್ಲ ಕೇಳ್ತಾರೆ. ಗಿಡ್ಡದಕ್ಕೆ ಗಿಡ್ಡ ಹುಂಜ ಮಾತ್ರ ಹಾಕಬಾರದು. ಮೊಟ್ಟೆ ಹಾಳಾಗುತ್ತೆ. ಉದ್ದ ಕಾಲಿನ ಹುಂಜವನ್ನೇ ಬಿಡಬೇಕು."

ತಾತ ಶಾಲೆ ಮೆಟ್ಟಿಲು ಹತ್ತಿದವರಲ್ಲ. ಅವರು ಹೇಳಿದ್ದು ಅಕ್ಷರಶಃ ಸರಿ. ಗಿಡ್ಡ ಕಾಲಿನ ಬೀಜ ಒಂದಿದ್ದರೆ ಕಾಲು ಗಿಡ್ಡವಾಗುತ್ತದೆ. ಎರಡಾದರೆ ಮರಿ ಮೊಟ್ಟೆಯಲ್ಲೇ, ಮೊದಲ ಕೆಲವು ದಿನಗಳಲ್ಲೇ ಸಾಯುತ್ತದೆ. ಎರಡು ಗಿಡ್ಡ ಕೋಳಿಗಳನ್ನು ಕೂಡಿಸಿದರೆ ಕಾಲು ಭಾಗ ಮೊಟ್ಟೆ ಹೋಗುತ್ತದೆ, ಉಳಿದವುಗಳಲ್ಲಿ ಮೂರಕ್ಕೆ ಎರಡು ಗಿಡ್ಡ, ಒಂದು ಉದ್ದ. ಬರೀ ಗಿಡ್ಡವೇ ಹುಟ್ಟುವ ಶುದ್ಧ ಸಂತಾನ ಯಾವತ್ತೂ ಸಿಗುವುದಿಲ್ಲ. ಪುಸ್ತಕ ಓದದೆ, ಬರೀ ಮಂಕರಿಯಲ್ಲಿ ಹಾಳಾದ ಮೊಟ್ಟೆ ಎಣಿಸಿ ಅವರು ಇದನ್ನು ಕಂಡುಕೊಂಡಿದ್ದರು. ಎಣಿಸುವ ಅಭ್ಯಾಸ ನನಗೆ ಅಂಟಿದ್ದು ಅವರಿಂದಲೇ.

ಅಲ್ಲೇ ಬೋಳು ಕತ್ತಿನ ಕೋಳಿಯೂ ಎರಡಿದ್ದವು. ನಮ್ಮ ಕಡೆ ಅದನ್ನು ರೋಗ ಅಂತ ದೂರ ಮಾಡುತ್ತಾರೆ. ದೋಷವೇ ಅಲ್ಲ ಅದು. ಕತ್ತಿನಲ್ಲಿ ಗರಿ ಇಲ್ಲದಿದ್ದರೆ ಮೈಯ ಬಿಸಿ ಸುಲಭವಾಗಿ ಹೊರಗೆ ಹೋಗುತ್ತದೆ, ಬೇಸಿಗೆಯಲ್ಲಿ ಅಂಥ ಕೋಳಿ ಚೆನ್ನಾಗಿ ತಾಳಿಕೊಳ್ಳುತ್ತದೆ. ಕತ್ತಿನ ಮುಂದೆ ಗರಿಯ ಒಂದು ಕುಚ್ಚು ಉಳಿದಿದ್ದರೆ ಅದಕ್ಕೆ ಬೀಜ ಒಂದೇ ಕಡೆಯಿಂದ ಬಂದಿದೆ. ಪೂರ್ತಿ ಬೋಳಾಗಿದ್ದರೆ ಎರಡೂ ಕಡೆಯಿಂದ. ಎಲ್ಲ ಗುಣಗಳೂ ಹೀಗೆ ಮೈಮೇಲೆ ಬರೆದಿಟ್ಟಿದ್ದರೆ ನನ್ನ ಕೆಲಸ ಎಷ್ಟು ಹಗುರವಾಗುತ್ತಿತ್ತು!

ತಾತ ಒಂದು ಎಳೆ ಹುಂಜ ಕೊಟ್ಟರು. ಕೊಟ್ಟರು ಸರಿ, ಅದರ ಹೊಟ್ಟೆಯೊಳಗೆ ಏನಿದೆ ಅಂತ ಹೇಗೆ ತಿಳಿಯುವುದು? ಕೆಂಪನೂ ನೋಡಲು ಚೆನ್ನಾಗಿಯೇ ಇದ್ದನಲ್ವಾ.

ಆಗ ನೆನಪಾದದ್ದು ಗಿಣಿ. ಅದರ ಹತ್ತಿರ ಸೊಟ್ಟ ಕೊಕ್ಕಿನ ಬೀಜ ಎರಡೂ ಇವೆ. ಹುಟ್ಟುವ ಪ್ರತಿ ಮರಿಗೂ ಅದು ಒಂದನ್ನು ಕೊಟ್ಟೇ ಕೊಡುತ್ತದೆ. ಗಿಣಿಯ ಜೊತೆ ಬಿಟ್ಟ ಹುಂಜ ಆ ಬೀಜ ಹೊತ್ತಿದ್ದರೆ ಅರ್ಧ ಮರಿಗಳ ಕೊಕ್ಕು ಸೊಟ್ಟಗಾಗಬೇಕು. ಹೊತ್ತಿಲ್ಲದಿದ್ದರೆ ಒಂದೂ ಆಗುವುದಿಲ್ಲ. ಏಳು ಮರಿ ಸತತವಾಗಿ ನೆಟ್ಟಗೆ ಬಂದರೆ, ಹುಂಜ ದೋಷ ಹೊತ್ತೂ ನಮ್ಮ ಕಣ್ಣು ತಪ್ಪಿಸಿಕೊಂಡಿರುವ ಸಾಧ್ಯತೆ 128ರಲ್ಲಿ ಒಂದು. ಗಿಣಿ ಇಲ್ಲದೆ, ಒಂದೇ ಬೀಜ ಹೊತ್ತ ಹೇಂಟೆಗಳಿಂದ ಇದೇ ಪರೀಕ್ಷೆ ಮಾಡಿದರೆ ಇಷ್ಟು ನಂಬಿಕೆ ಬರಲು ಹದಿನೇಳು ಮರಿ ಬೇಕು. ಸಾಕಿ ಪ್ರಯೋಜನವಿಲ್ಲ, ಕುಯ್ಯಿ ಅಂತ ಎಲ್ಲರೂ ಹೇಳಿದ್ದ ಕೋಳಿ ಅದು.

ಮೊದಲು ಪರೀಕ್ಷೆಗೆ ಬಿಟ್ಟದ್ದು ಕೆಂಪನ ಮೊಮ್ಮಗನನ್ನು. ಗಿಣಿಯ ಮೊಟ್ಟೆಗಳನ್ನು ಬೇರೆ ಹೇಂಟೆಯ ಕೆಳಗೆ ಕಾವಿಗೆ ಇಟ್ಟೆವು. ಒಂಬತ್ತು ಮರಿ, ನಾಲ್ಕು ಸೊಟ್ಟ. ಉತ್ತರ ಸಿಕ್ಕಿತು. ಆ ಹುಂಜವನ್ನು ತೆಗೆದು, ವಾರ ಬಿಟ್ಟು ತಾತನ ಹುಂಜವನ್ನು ಗಿಣಿಯ ಜೊತೆ ಬಿಟ್ಟೆ. ಆ ಕಾವಿನಲ್ಲೂ ಎರಡು ಸೊಟ್ಟ ಮರಿ ಬಂದವು. ಎದೆ ಒಡೆದ ಹಾಗಾಯಿತು. ತಾತನಿಗೆ ಫೋನ್ ಮಾಡಿ ಅತ್ತೇ ಬಿಟ್ಟೆ.

ಅವರು ಸಮಾಧಾನವಾಗಿ ಕೇಳಿದರು. "ಹಳೇ ಹುಂಜ ತೆಗೆದು ಎಷ್ಟು ದಿನಕ್ಕೆ ಮೊಟ್ಟೆ ಎತ್ತಿಟ್ಟೆ ತಾಯಿ?"

ಹತ್ತನೇ ದಿನದಿಂದಲೇ ಎತ್ತಿಟ್ಟಿದ್ದೆ. ತಪ್ಪು ನನ್ನದೇ. ಹುಂಜದ ವೀರ್ಯ ಹೇಂಟೆಯ ಹೊಟ್ಟೆಯಲ್ಲಿ ಎರಡು ಮೂರು ವಾರ ಉಳಿಯುತ್ತದೆ. ಹುಂಜ ಬದಲಿಸಿದ ಮೇಲೆ ಮೂರು ವಾರದ ಮೊಟ್ಟೆಗಳನ್ನು ತಿನ್ನಲು ಇಟ್ಟುಕೊಂಡು, ಆಮೇಲಿನವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಆ ಕಾವನ್ನು ನೋಟ್‌ಬುಕ್‌ನಲ್ಲಿ ಹೊಡೆದುಹಾಕಿ ಹೊಸದಾಗಿ ಶುರು ಮಾಡಿದೆವು. ಗಿಣಿ ಮೊಟ್ಟೆ ಇಡುವುದೂ ಕಡಿಮೆ. ಎರಡು ಕಾವು ಸೇರಿ ಹದಿನಾಲ್ಕು ಮರಿ ಆಗಲು ಆರು ತಿಂಗಳು ಹಿಡಿಯಿತು. ಪ್ರತಿ ವಾರ ಒಂದೊಂದನ್ನೂ ಎತ್ತಿ, ಎದುರಿನಿಂದ ಕೊಕ್ಕು ನೋಡಿ ಬರೆದುಕೊಂಡೆವು. ಎಂಟು ವಾರ ತುಂಬಿದಾಗಲೂ ಹದಿನಾಲ್ಕೂ ನೆಟ್ಟಗೇ ಇದ್ದವು.

ಆ ಹದಿನಾಲ್ಕರಲ್ಲಿ ಒಂದನ್ನೂ ಸಂತಾನಕ್ಕೆ ಇಟ್ಟುಕೊಳ್ಳಲಿಲ್ಲ. ಎಷ್ಟು ಚೆಂದ ಇದ್ದರೂ ಅವೆಲ್ಲ ಗಿಣಿಯಿಂದ ಒಂದು ಬೀಜ ಪಡೆದಿರುತ್ತವೆ. ಇದನ್ನು ಮಗಳಿಗೆ ಅರ್ಥ ಮಾಡಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು.

2022ರ ಕೊನೆಯಿಂದ ತಾತನ ಹುಂಜವೇ ನಮ್ಮ ಹಿತ್ತಲಿನ ಹುಂಜ. ಅದು ಶುದ್ಧವಾದರೂ ನಮ್ಮ ಹೇಂಟೆಗಳಲ್ಲಿ ಕೆಲವು ಬೀಜ ಹೊತ್ತಿರುತ್ತವೆ. ಹಾಗಾಗಿ ಮನೆಯಲ್ಲಿ ಹುಟ್ಟಿದ ಯಾವ ಗಂಡು ಮರಿಯೂ ಗಿಣಿಯ ಪರೀಕ್ಷೆ ದಾಟದೆ ಹುಂಜದ ಪಟ್ಟಕ್ಕೆ ಏರುವಂತಿಲ್ಲ. ಕಾಲಿಗೆ ಬಣ್ಣದ ಪ್ಲಾಸ್ಟಿಕ್ ಟ್ಯಾಗ್ ಹಾಕುತ್ತೇವೆ. ಅಮ್ಮನಿಗೊಂದು ಬಣ್ಣ, ವರ್ಷಕ್ಕೊಂದು ಬಣ್ಣ. ಮರಿಗೆ ಐದರಿಂದ ಏಳು ದಿನದೊಳಗೆ ಕಣ್ಣಿಗೆ ಲಸಿಕೆಯ ಹನಿ, ಎಂಟನೇ ವಾರ ಚುಚ್ಚುಮದ್ದು. ಮತ್ತೆ ನಾಲ್ಕೇ ಕೋಳಿ ಉಳಿಯುವ ದಿನ ಬರಬಾರದು.

ಇದರ ನಡುವೆ ಪಕ್ಕದ ತೋಟದ ಕಡಕ್‌ನಾಥ್ ಹುಂಜ ಬೇಲಿ ಹಾರಿ ಬಂತು. ಮಧ್ಯಪ್ರದೇಶದ ಝಾಬುವಾದ ಕಪ್ಪು ಕೋಳಿ, 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು. ನಮ್ಮ ಹಳದಿ ಕಾಲಿನ ಹೇಂಟೆಯೊಂದಕ್ಕೆ ಅದರಿಂದ ಎಂಟು ಮರಿ ಆದವು. ಹೆಣ್ಣು ಮರಿಗಳೆಲ್ಲ ಕಪ್ಪು ಚರ್ಮ, ಗಂಡು ಮರಿಗಳೆಲ್ಲ ತಿಳಿ ಚರ್ಮ. ಕಪ್ಪಿನ ಬೀಜ ಅಪ್ಪನಿಂದ ಎಲ್ಲಕ್ಕೂ ಬಂದಿದೆ. ಚರ್ಮದ ಕಪ್ಪನ್ನು ತಡೆಯುವ ಇನ್ನೊಂದು ಬೀಜ ನಮ್ಮ ಹೇಂಟೆಯಲ್ಲಿದೆ. ಅದು ಲಿಂಗದ ಜೊತೆ ಸಾಗುವ ಬೀಜ, ತಾಯಿಯಿಂದ ಗಂಡು ಮರಿಗೆ ಮಾತ್ರ ಹೋಗುತ್ತದೆ. ಅದಕ್ಕೇ ಹೆಣ್ಣಿನಲ್ಲಿ ಕಪ್ಪು ಉಳಿಯಿತು. ಆ ಕಪ್ಪು ಹೆಣ್ಣು ಮರಿಗಳನ್ನು ಕಡಕ್‌ನಾಥ್ ಅಂದುಕೊಂಡು ಒಬ್ಬರು ಒಳ್ಳೆ ಬೆಲೆಗೆ ಕೇಳಿದರು. ಬೆರಕೆ ಅಂತ ಹೇಳಿದೆ. ಅವರು ಹೋಗಿಬಿಟ್ಟರು. ಹೇಳದೆ ಕೊಟ್ಟಿದ್ದರೆ ನನಗೆ ಆದದ್ದೇ ಅವರಿಗೂ ಆಗುತ್ತಿತ್ತು.

ಈಗ ಮೂರು ಹಿತ್ತಲು ಸೇರಿದ್ದೇವೆ. ನಮ್ಮದು, ತೋಟದ ಮನೆಯಲ್ಲಿರುವ ನನ್ನ ವಾರಗಿತ್ತಿಯದು, ತಾತನದು. ಹೇಂಟೆಗಳು ಹುಟ್ಟಿದ ಮನೆಯಲ್ಲೇ ಉಳಿಯುತ್ತವೆ. ಪರೀಕ್ಷೆ ದಾಟಿದ ಗಂಡು ಮರಿಗಳು ಮಾತ್ರ ಮುಂದಿನ ಮನೆಗೆ ಹೋಗುತ್ತವೆ, ಯಾವಾಗಲೂ ಅದೇ ಸುತ್ತಿನಲ್ಲಿ. ಒಡಹುಟ್ಟಿದವು ತಮ್ಮತಮ್ಮಲ್ಲೇ ಕೂಡುವ ಸಂದರ್ಭವೇ ಬರುವುದಿಲ್ಲ. ಕಳೆದ ಮೂರು ಕಾವಿನಲ್ಲಿ ಹನ್ನೆರಡಕ್ಕೆ ಒಂಬತ್ತು, ಹತ್ತು, ಹತ್ತು ಮರಿ ಎದ್ದಿವೆ. ಹೇಂಟೆಗಳು ಇಪ್ಪತ್ತೊಂದು ದಿನವೂ ಅಲುಗದೆ ಕೂರುತ್ತವೆ. ಸಂಜೆ ಹೊಂಗೆ ಮರ ತುಂಬಿರುತ್ತದೆ.

ಗಿಣಿ ಈಗ ಮೊಟ್ಟೆ ಇಡುವುದನ್ನು ನಿಲ್ಲಿಸಿದೆ. ಅದರ ಬಟ್ಟಲು ಇನ್ನೂ ಅಡುಗೆಮನೆ ಬಾಗಿಲಲ್ಲೇ ಇದೆ, ಹಿಟ್ಟು ನೆನೆಸುವ ಕೆಲಸ ಈಗ ಅತ್ತೆಯದು.

ಹೋದ ತಿಂಗಳು ತಾತ ಬಂದಿದ್ದರು. ಅವರ ಹುಂಜವನ್ನು ಕಾಡುಬೆಕ್ಕು ಹಿಡಿದಿತ್ತು, ನಮ್ಮಲ್ಲಿಂದ ಒಂದು ಬೇಕಿತ್ತು. ಮೂರು ಎಳೆ ಹುಂಜಗಳನ್ನು ಹಿಡಿದು ಮುಂದೆ ಬಿಟ್ಟೆ. ಅವರು ಬಣ್ಣ ನೋಡಲಿಲ್ಲ, ತೂಕವನ್ನೂ ನೋಡಲಿಲ್ಲ. ಒಂದನ್ನು ಕಂಕುಳಲ್ಲಿ ಇಟ್ಟುಕೊಂಡು, ಬೆಳಕಿಗೆ ಅದರ ಮುಖ ಎತ್ತಿ, ಎದುರಿನಿಂದ ಕೊಕ್ಕನ್ನು ತುಂಬಾ ಹೊತ್ತು ನೋಡಿದರು.

"ಇದರ ಅವ್ವ ಯಾವುದಮ್ಮಾ?"

ಮಗಳು ಒಳಗಿಂದ ನೋಟ್‌ಬುಕ್ ತಂದಳು.